ಮಳೆಗಾಲಕ್ಕೆ ಮುಂಚೆ: ಹಾಸಿಗೆ ಹಿಡಿದವರಿರುವ ಮನೆಗಳಿಗೆ

ಎಲ್ಲರಿಗೂ ನಮಸ್ಕಾರ. ಮಕ್ಕಳು ಬೆಂಗಳೂರಲ್ಲಿ, ಹಿರಿಯರು ತೋಟದ ಮನೆಯಲ್ಲಿ, ನಡುವೆ ಒಬ್ಬರೇ ಹೋಂ ನರ್ಸ್. ಕೊಡಗಿನ ಎಷ್ಟೋ ಮನೆಗಳ ಸ್ಥಿತಿ ಇದೇ.

ಮೊದಲು ಕರೆಂಟ್. ನಿಮಿಷಕ್ಕೆ 5 ಲೀಟರಿನ ಆಕ್ಸಿಜನ್ ಕಾನ್ಸಂಟ್ರೇಟರ್ (ಗಾಳಿಯಿಂದಲೇ ಆಕ್ಸಿಜನ್ ಬೇರ್ಪಡಿಸಿ ಕೊಡುವ ಯಂತ್ರ) ಸುಮಾರು 350 ವಾಟ್ ಎಳೆಯುತ್ತದೆ. ಲೈಟು, ಫ್ಯಾನಿಗೆಂದು ಹಾಕಿಸಿದ ಒಂದು ಬ್ಯಾಟರಿಯ ಇನ್ವರ್ಟರ್ ಮೂರು ಗಂಟೆ ದಾಟುವುದು ಕಷ್ಟ. ಮರ ಬಿದ್ದು ಲೈನ್ ಹೋದರೆ ದಿನಗಟ್ಟಲೆ ಕತ್ತಲೆ. ಅದಕ್ಕೇ ಆಕ್ಸಿಜನ್ ಸಿಲಿಂಡರ್ ಒಂದು ಇರಲಿ. ಬಿ ಟೈಪ್ ಅಳತೆಯದರಲ್ಲಿ ಸುಮಾರು 1500 ಲೀಟರ್ ಇರುತ್ತದೆ, ನಿಮಿಷಕ್ಕೆ 2 ಲೀಟರಿನಂತೆ 12 ಗಂಟೆ. ವಾಲ್ವ್ ತಿರುಗಿಸುವ ಕೀಲಿಯನ್ನು ಸಿಲಿಂಡರಿಗೇ ಕಟ್ಟಿಡಿ, ರಾತ್ರಿ ಸಿಗದೇ ಹೋಗುವುದು ಅದೇ. ಆ ಕೋಣೆಗೆ ಮೇಣದಬತ್ತಿ, ಕೆಂಡ ಬೇಡವೇ ಬೇಡ.

ಕರೆಂಟ್ ಹೋದರೆ, ಮಲಗಿದಲ್ಲೇ ಹುಣ್ಣಾಗದಂತೆ ಹಾಕುವ ಏರ್ ಬೆಡ್ಡಿನ ಗಾಳಿಯೂ ಇಳಿಯುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ದಿಂಬು ಮೀನಖಂಡದ ಕೆಳಗಿರಲಿ, ಹಿಮ್ಮಡಿ ಹಾಸಿಗೆಗೆ ತಾಗಬಾರದು. ಸೊಂಟದ ಹಿಂದೆ ಕೆಂಪಾಗಿ, ಒತ್ತಿದರೂ ಬಿಳಿಚದಿದ್ದರೆ ಹುಣ್ಣು ಶುರುವಾಯಿತೆಂದೇ ಲೆಕ್ಕ, ಉಜ್ಜಬೇಡಿ. ಮಳೆಗೆ ಬೆಡ್‌ಶೀಟ್ ಒಣಗುವುದಿಲ್ಲ, ಕನಿಷ್ಠ ಆರು ಬೆಡ್‌ಶೀಟ್ ಇರಲಿ.

ಇನ್ನು ಹೋಂ ನರ್ಸ್ ಸಿಗುವುದೇ ದುರ್ಲಭ, ಮುಂದೆ ಇನ್ನೂ ಕಷ್ಟ. 24 ಗಂಟೆಗೆ ಒಬ್ಬರೇ ಎಂದರೆ ರಾತ್ರಿ ಮಗ್ಗುಲು ಬದಲಿಸುವವರು ಯಾರು? ನಿದ್ದೆಗೆ ಎಂಟು ಗಂಟೆ, ವಾರದ ರಜೆ, ಕೇರಳದವರಾದರೆ ಓಣಂ ರಜೆಗೆ ಬದಲಿ ಯಾರು, ಎಲ್ಲವನ್ನೂ ಮೊದಲೇ ಬರೆದುಕೊಳ್ಳಿ. ಆಯುಷ್ಮಾನ್ ಕಾರ್ಡ್ ಇರುವುದು ಆಸ್ಪತ್ರೆಗೆ ದಾಖಲಾದವರ ಖರ್ಚಿಗೆ, ಹೋಂ ನರ್ಸಿನ ಸಂಬಳಕ್ಕಲ್ಲ.

ಬಳಸದ ಸಿಲಿಂಡರ್, ವೀಲ್‌ಚೇರ್ ಯಾರ ಮನೆಯಲ್ಲಿದ್ದರೂ ಊರಿನ ಹೆಸರಿನ ಜೊತೆ ಇಲ್ಲೇ ಹಾಕಿ.