‘ಅಛೂತ್ ಕನ್ಯಾ’ದ ನಿರ್ದೇಶಕರು ಹಿಮಾಂಶು ರಾಯ್ ಅಲ್ಲ

ಮಾನ್ಯ ಸಂಪಾದಕರೇ,

ನಟಿ ದೇವಿಕಾ ರಾಣಿಯವರ ಕುರಿತು ತಮ್ಮ ಪತ್ರಿಕೆಯ ಸಾಪ್ತಾಹಿಕ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ತಾವು ನೆಲೆಸಿದ್ದ ಬೆಂಗಳೂರಿನ ತಾತಗುಣಿ ತೋಟದ ದೆಸೆಯಿಂದ ಅವರು ಕನ್ನಡಿಗರಿಗೆ ನಮ್ಮವರೇ ಆಗಿಬಿಟ್ಟಿದ್ದಾರೆ. ಆದರೆ 1936ರ ‘ಅಛೂತ್ ಕನ್ಯಾ’ವನ್ನು ಹಿಮಾಂಶು ರಾಯ್ ನಿರ್ದೇಶಿಸಿದರೆಂಬ ಮಾತು ಸರಿಯಲ್ಲ. ರಾಯ್ ಆ ಚಿತ್ರದ ನಿರ್ಮಾಪಕರು. ನಿರ್ದೇಶಿಸಿದವರು ಮ್ಯೂನಿಕ್‌ನ ಫ್ರಾಂಜ್ ಆಸ್ಟೆನ್. ಆ ಚಿತ್ರವನ್ನು ತಯಾರಿಸಿದ ಬಾಂಬೆ ಟಾಕೀಸ್ ಸಂಸ್ಥೆ ಇದ್ದ ಮುಂಬಯಿಯ ಮಲಾಡ್‌ನಲ್ಲೇ ನಲವತ್ತು ವರ್ಷಗಳಿಂದ ನೆಲೆಸಿರುವ ನನಗೆ ಈ ತಪ್ಪನ್ನು ಕಂಡೂ ಸುಮ್ಮನಿರಲಾಗಲಿಲ್ಲ.

1876ರಲ್ಲಿ ಹುಟ್ಟಿದ ಆಸ್ಟೆನ್ ಭಾರತಕ್ಕೆ ಬಂದದ್ದು ಮೂಕಿ ಚಿತ್ರಗಳ ಕಾಲದಲ್ಲಿ. ಬುದ್ಧನ ಜೀವನವನ್ನು ಆಧರಿಸಿದ ‘ಪ್ರೇಮ ಸಂನ್ಯಾಸ’ (1925) ಚಿತ್ರವನ್ನು ಅವರು ಜೈಪುರದ ಮಹಾರಾಜರ ನೆರವಿನಿಂದ ಇಲ್ಲಿಯ ಬೀದಿ, ಕೋಟೆ, ಅರಮನೆಗಳ ನಡುವೆಯೇ ತೆಗೆದರು. ತಾಜಮಹಲಿನ ಕಥೆಯ ‘ಶಿರಾಜ್’, ಮಹಾಭಾರತದ ಪಗಡೆಯಾಟದ ನೆರಳಿರುವ ‘ಪ್ರಪಂಚ ಪಾಶ’ ಆಮೇಲಿನವು. 1934ರಲ್ಲಿ ರಾಯ್ ಬಾಂಬೆ ಟಾಕೀಸ್ ಕಟ್ಟಿದಾಗ ಆಸ್ಟೆನ್ ಮತ್ತು ಛಾಯಾಗ್ರಾಹಕ ಜೋಸೆಫ್ ವಿರ್ಶಿಂಗ್ ಮಲಾಡ್‌ಗೆ ಬಂದರು. ಮುಂದಿನ ಐದು ವರ್ಷ ಆ ಸಂಸ್ಥೆಯ ಬಹುಪಾಲು ಚಿತ್ರಗಳು ಆಸ್ಟೆನ್ ಅವರವೇ.

ಹಿಂದಿ ಬಾರದವರು ಹಿಂದಿ ಚಿತ್ರಗಳನ್ನು ಹೇಗೆ ನಿರ್ದೇಶಿಸಿದರೆಂದು ಕೇಳುವವರಿದ್ದಾರೆ. ನಿರಂಜನ್ ಪಾಲ್ ಅವರ ಕಥೆ, ಕಶ್ಯಪ್ ಅವರ ಸಂಭಾಷಣೆ, ಸರಸ್ವತಿ ದೇವಿಯವರ ಸಂಗೀತ ಇಲ್ಲದಿದ್ದರೆ ‘ಅಛೂತ್ ಕನ್ಯಾ’ ಆಗುತ್ತಿರಲಿಲ್ಲವೆಂಬುದು ನಿಜ. ಹಾಗಿದ್ದರೂ, ಮಾತು ನಿಂತ ಗಳಿಗೆಯಲ್ಲಿ ದೇವಿಕಾ ರಾಣಿಯವರ ಮುಖದ ಮೇಲೆ ನೆಲೆಗೊಳ್ಳುವ ಆ ಕ್ಯಾಮೆರಾದಲ್ಲಿ ಮೂಕಿ ಚಿತ್ರಗಳಲ್ಲಿ ಪಳಗಿದ ನಿರ್ದೇಶಕನ ಕಣ್ಣು ನನಗಂತೂ ಸ್ಪಷ್ಟವಾಗಿ ಕಾಣುತ್ತದೆ. (ಈ ಚಿತ್ರದ ನಾಯಕ ಅಶೋಕ್ ಕುಮಾರ್ ನಟನಾಗಲಾರ ಎಂದು ಹೇಳಿದವರೂ ಇದೇ ಆಸ್ಟೆನ್ ಎಂಬ ಮಾತಿದೆ, ಎಲ್ಲ ವಿಷಯದಲ್ಲೂ ಅವರ ಅಂದಾಜು ಸರಿಯಾಗಿತ್ತೆಂದು ನಾನು ವಾದಿಸುತ್ತಿಲ್ಲ.)

ಆಸ್ಟೆನ್ ಅವರ ಹೆಸರು ಸೇರಿಸುವಾಗ ಇನ್ನೊಂದು ಸಂಗತಿಯನ್ನೂ ಮುಚ್ಚಿಡಬಾರದು. ಅಸ್ಪೃಶ್ಯತೆಯ ಕ್ರೌರ್ಯವನ್ನು ತೋರಿಸುವ ಈ ಚಿತ್ರ ತೆರೆಕಂಡ 1936ರಲ್ಲೇ ಆಸ್ಟೆನ್ ನಾತ್ಸಿ ಪಕ್ಷದ ಸದಸ್ಯರಾದರು. 1939ರಲ್ಲಿ ‘ಕಂಗನ್’ ಚಿತ್ರದ ಕೆಲಸ ನಡೆದಿದ್ದಾಗ ಯುದ್ಧ ಆರಂಭವಾಗಿ, ಬ್ರಿಟಿಷ್ ಸರ್ಕಾರ ಅವರನ್ನು ಬಂಧಿಸಿತು. ವಯಸ್ಸಿನ ಕಾರಣಕ್ಕೆ ಮರುವರ್ಷ ಬಿಡುಗಡೆಯಾಗಿ ಜರ್ಮನಿಗೆ ಮರಳಿದ ಅವರು 1956ರಲ್ಲಿ ತೀರಿಕೊಂಡರು. ಅವರಂತೆಯೇ ಬಂಧನ ಅನುಭವಿಸಿದ ವಿರ್ಶಿಂಗ್ ಇಲ್ಲಿಯೇ ಉಳಿದು ‘ಮಹಲ್’, ‘ಪಾಕೀಜಾ’ ಚಿತ್ರಗಳಿಗೆ ಛಾಯಾಗ್ರಹಣ ಮಾಡಿದರು.

ದಯವಿಟ್ಟು ಮುಂದಿನ ಪುರವಣಿಯಲ್ಲಿ ಈ ತಿದ್ದುಪಡಿಯನ್ನು ಪ್ರಕಟಿಸಬೇಕಾಗಿ ವಿನಂತಿ.

– ಓರ್ವ ಓದುಗ, ಮಲಾಡ್ ಪಶ್ಚಿಮ, ಮುಂಬಯಿ