ಮುಳುಗಿದ ಎಂಜಿನ್‌ಗೆ ಮೊದಲು ಸಿಹಿನೀರು ಬೇಕು

ಮಾನ್ಯರೇ,

ಜೂನ್, ಜುಲೈ ತಿಂಗಳಲ್ಲಿ ಯಾಂತ್ರೀಕೃತ ಬೋಟುಗಳಿಗೆ ರಜೆ. ಕಡಲಿಗೆ ಇಳಿಯುವುದು ನಾಡದೋಣಿಗಳು, 10 ಅಶ್ವಶಕ್ತಿಯೊಳಗಿನ ಎಂಜಿನ್ ಕಟ್ಟಿಕೊಂಡು. ನದಿ ಕಡಲು ಸೇರುವ ಅಳಿವೆಯಲ್ಲಿ ದೋಣಿ ಮಗುಚಿದ ಸುದ್ದಿ ಬರುವುದೂ ಆಗಲೇ. ಜನ ಈಜಿ ದಡ ಸೇರಿದರೆಂದು ಓದಿ ಸಮಾಧಾನವಾಗುತ್ತದೆ. ಕೆಳಗೇ ‘ಎಂಜಿನ್ ಸಂಪೂರ್ಣ ಹಾನಿ’ ಎಂದಿರುತ್ತದೆ. ದೋಣಿಯ ಹಿಂದೆ ಹೊರಗಿನಿಂದ ಕಟ್ಟುವ ಈ ಔಟ್‌ಬೋರ್ಡ್ ಎಂಜಿನ್ ರಿಪೇರಿಯಿಂದಲೇ ಬದುಕುವ ನನಗೆ ಆ ಸಾಲು ಓದಿದರೆ ಸಂಕಟ. ಮೇಲೆತ್ತಿದ ಎಂಜಿನ್ ಎಷ್ಟೋ ಸಲ ಉಳಿಯುವಂಥದ್ದೇ. ಅದು ಹಾಳಾಗುವುದು ಜಾಸ್ತಿ ದಡಕ್ಕೆ ತಂದ ಮೇಲೆ.

ಉಪ್ಪುನೀರು ಮೆತ್ತಿದ ಉಕ್ಕಿಗೆ ಗಾಳಿ ತಾಗಿದರೆ ತುಕ್ಕು ತಡಮಾಡುವುದಿಲ್ಲ. ಟೂ ಸ್ಟ್ರೋಕ್ ಎಂಜಿನ್‌ನ ಬೇರಿಂಗ್‌ಗಳಿಗೆ ಇಂಧನದ ಜೊತೆ ಬರುವ ಆಯಿಲ್ಲೇ ಗತಿ. ನೀರು ಅದನ್ನೂ ತೊಳೆದಿರುತ್ತದೆ. ತಡವಾಗಿ ಬಿಚ್ಚಿದರೆ ಸೂಜಿಯಂಥ ಸಣ್ಣ ಉರುಳೆಗಳ ನೀಡಲ್ ಬೇರಿಂಗ್ ಮೇಲೆ ಕೆಂಪು ಚುಕ್ಕೆ ಕಾಣುತ್ತದೆ. ಬಟ್ಟೆಯಲ್ಲಿ ಉಜ್ಜಿದರೆ ಬಣ್ಣ ಹೋಗುತ್ತದೆ, ಕೆಳಗಿನ ಸಣ್ಣ ಗುಳಿ ಉಗುರಿಗೆ ತಾಗುತ್ತದೆ. ಆ ಬೇರಿಂಗ್ ಮತ್ತೆ ಕೆಲಸಕ್ಕೆ ಬಾರದು.

ನಮ್ಮಲ್ಲಿ ಆಗುವುದೇನು? ಎಂಜಿನ್ ಎತ್ತಿ ಮರಳ ಮೇಲಿಟ್ಟು ಟಾರ್ಪಾಲು ಹೊದಿಸುತ್ತಾರೆ. ಫೋಟೋ, ಮಹಜರು, ಪರಿಹಾರದ ಅರ್ಜಿ ಅಂತ ದಿನ ಕಳೆಯುತ್ತದೆ. ನಡುವೆ ಯಾರೋ ಸುಮ್ನೆ ಸ್ಟಾರ್ಟರ್ ಹಗ್ಗ ಎಳೆದು ನೋಡುತ್ತಾರೆ. ಒಳಗೆ ಮರಳಿದ್ದರೆ ಅಷ್ಟಕ್ಕೇ ಸಿಲಿಂಡರಿಗೆ ಗೀರು ಬೀಳುತ್ತದೆ.

ದೋಣಿಯವರಲ್ಲಿ ನನ್ನ ವಿನಂತಿ: ಮೊದಲು ಸಿಹಿನೀರು ಹೊಯ್ದು ಉಪ್ಪು, ಮರಳು ತೊಳೆಯಿರಿ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಅದರ ತೂತು ಕೆಳಮುಖವಾಗುವಂತೆ ಮಲಗಿಸಿ ಫ್ಲೈವೀಲನ್ನು (ಮೇಲಿನ ಭಾರದ ಚಕ್ರ) ಕೈಯಲ್ಲೇ ಮೆಲ್ಲ ತಿರುಗಿಸಿ. ಕರಕರ ಅಂದರೆ, ಹಿಡಿದಂತಾದರೆ ಅಲ್ಲಿಗೇ ಬಿಡಿ. ಅದನ್ನು ಪೂರ್ತಿ ಬಿಚ್ಚಲೇಬೇಕು. ಓಡುತ್ತಿರುವಾಗಲೇ ಮುಳುಗಿದ್ದರೂ ಅಷ್ಟೆ. ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗದು, ಹಾಗಾಗಿ ಪಿಸ್ಟನ್‌ಗೆ ಸೇರಿದ ಕನೆಕ್ಟಿಂಗ್ ರಾಡ್ ಬಾಗಿರಬಹುದು. ಸಲೀಸಾಗಿ ತಿರುಗಿ ನೀರೆಲ್ಲ ಇಳಿದರೆ ಇಂಧನ ನಿಲ್ಲುವ ಕಾರ್ಬೊರೇಟರ್ ಬಟ್ಟಲು ಖಾಲಿ ಮಾಡಿ, ಪ್ಲಗ್ ತೂತಿಗೆ ಟೂಟಿ (ಟೂ ಸ್ಟ್ರೋಕ್) ಆಯಿಲ್ ಬಿಡಿ. ಒಣ ಪ್ಲಗ್, ಆಯಿಲ್ ಬೆರೆಸಿದ ಹೊಸ ಪೆಟ್ರೋಲ್ ಹಾಕಿ ಚಾಲೂ ಮಾಡಿ. ದಿನಾ ಓಡಿಸುವ ಸೀಮೆಎಣ್ಣೆ ಆಮೇಲೆ. ಹತ್ತಿತೆಂದು ತಕ್ಷಣ ನಿಲ್ಲಿಸಬೇಡಿ. ಕೆಳಭಾಗವನ್ನು ನೀರಿನ ಡ್ರಮ್ಮಿನಲ್ಲಿಟ್ಟು ಅರ್ಧ ಗಂಟೆಯಾದರೂ ಓಡಿಸಿ. ಒಳಗಿನ ಪಸೆ ಆರುವುದು ಆ ಬಿಸಿಗೇ. ಆಯಿಲ್ ಇಂಧನಕ್ಕೆ ಬೆರೆಯದೆ ಬೇರೆಯೇ ಇರುವ ಫೋರ್ ಸ್ಟ್ರೋಕ್ ಆದರೆ ಆಯಿಲ್ ಬದಲಿಸದೆ ಚಾಲೂ ಮಾಡಲೇಬಾರದು. ಆಮೇಲೂ ಅದು ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗುತ್ತಿದ್ದರೆ ಮತ್ತೆ ಬದಲಿಸಬೇಕು.

ಮೆಕ್ಯಾನಿಕ್ ಬರುವುದು ತಡವೇ? ಇಡೀ ಎಂಜಿನನ್ನು ಸಿಹಿನೀರಿನಲ್ಲಿ ಮುಳುಗಿಸಿಡಿ. ಮುಳುಗಿದ್ದನ್ನು ಮತ್ತೆ ಮುಳುಗಿಸುವುದಾ ಎಂದು ಕೇಳುತ್ತಾರೆ. ಹೌದು. ಉಪ್ಪು ಬಿಡುತ್ತದೆ, ಗಾಳಿ ತಾಗದು, ತುಕ್ಕು ನಿಧಾನವಾಗುತ್ತದೆ.

ಆದರೆ ಮಳೆ ಸುರಿಯುವಾಗಲೂ ಕಡಲ ದಡದಲ್ಲಿ ಅಷ್ಟು ಸಿಹಿನೀರು ಕೈಗೆ ಸಿಗುವುದಿಲ್ಲ. ಉಡುಪಿ ಜಿಲ್ಲೆಯ ಮರವಂತೆ, ಗಂಗೊಳ್ಳಿ, ಕೋಡಿಬೆಂಗ್ರೆಯಂಥ ಕಡೆ ಮೀನುಗಾರಿಕೆ ಇಲಾಖೆ ಒಂದು ನಳ್ಳಿ, ಎಂಜಿನ್ ಮುಳುಗುವಷ್ಟು ಆಳದ ಟ್ಯಾಂಕ್ ಕಟ್ಟಿಸಿಕೊಡಲಿ. ಮಹಜರಿಗೆ ಎಂಜಿನ್ ನಂಬರ್ ಕಾಣುವಂತೆ ಮೊಬೈಲಿನಲ್ಲಿ ತೆಗೆದ ಫೋಟೋ ಸಾಕು ಎಂದು ಈ ಮಳೆಗಾಲಕ್ಕೆ ಮೊದಲೇ ಹೇಳಲಿ. ತೊಳೆದರೆ ಪರಿಹಾರ ಸಿಗದೇನೋ ಎಂಬ ಹೆದರಿಕೆಗೇ ಎಷ್ಟೋ ಜನ ಎಂಜಿನ್ ಮುಟ್ಟದೆ ಕೂರುತ್ತಾರೆ.

– ಒಬ್ಬ ಎಂಜಿನ್ ಮೆಕ್ಯಾನಿಕ್, ಗಂಗೊಳ್ಳಿ