ಸ್ಟ್ಯಾಂಡಿನಲ್ಲಿ ಸತ್ತ ಸೈಕಲ್‌ಗಳು: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ನಾನು ಬೆಂಗಳೂರಿನಲ್ಲಿ ದಿನಾ ಸೈಕಲ್ ತುಳಿಯುವ ನಿಮ್ಮ ಮತದಾರ. ನಾನು ಸೈಕಲ್ ನಿಲ್ಲಿಸುವ ಸಾರ್ವಜನಿಕ ಸ್ಟ್ಯಾಂಡಿನಲ್ಲಿ 14 ಜಾಗ. ಹೋದ ವಾರ ಎಣಿಸಿದೆ, 6ರಲ್ಲಿ ಸತ್ತ ಸೈಕಲ್. ಒಂದಕ್ಕೆ ಸೀಟಿಲ್ಲ, ಒಂದಕ್ಕೆ ಮುಂದಿನ ಚಕ್ರವೇ ಇಲ್ಲ. ಇನ್ನೊಂದರ ಕಡ್ಡಿಗಳಿಗೆ ಬಳ್ಳಿ ಹಬ್ಬಿ ಹೂ ಬಿಟ್ಟಿದೆ. ನೋಡೋಕೆ ಚೆನ್ನಾಗೇ ಇದೆ, ಸುಳ್ಳು ಯಾಕೆ ಹೇಳಲಿ. ಆದರೆ ಓಡುವ ಸೈಕಲ್‌ಗಳು ಕರೆಂಟ್ ಕಂಬಕ್ಕೆ ಸರಪಳಿ ಬಿಗಿಸಿಕೊಂಡು ಫುಟ್‌ಪಾತಿನಲ್ಲಿ ನಿಂತಿವೆ.

ಹಾಗಂತ ಎಲ್ಲವನ್ನೂ ಒಂದೇ ದಿನ ಲಾರಿಗೆ ತುಂಬಿಸಬೇಡಿ. ನಮ್ಮ ಕಟ್ಟಡದ ವಾಚ್‌ಮನ್ ಒಡಿಶಾದವರು. ಅಪ್ಪನಿಗೆ ಹುಷಾರಿಲ್ಲ ಅಂತ ಊರಿಗೆ ಹೋದವರು ವಾಪಸ್ ಬರೋಕೆ ಒಂದೂವರೆ ತಿಂಗಳಾಯಿತು. ಅಷ್ಟರಲ್ಲಿ ಇದೇ ಸ್ಟ್ಯಾಂಡಿನಿಂದ ಅವರ ಸೈಕಲ್ ಮಾಯ. ದೂಳು ಕೂತು, ಗಾಳಿ ಇಳಿದು, ಯಾರ ಕಣ್ಣಿಗೋ ಗುಜರಿ ಥರ ಕಂಡಿರಬೇಕು. ಯಾರು ಒಯ್ದರು, ಎಲ್ಲಿ ಹೋಗಿ ಕೇಳಬೇಕು, ಒಂದೂ ಗೊತ್ತಾಗಲಿಲ್ಲ. ಈಗ ರಾತ್ರಿ ಪಾಳಿ ಮುಗಿಸಿ ನಡೆದೇ ಮನೆಗೆ ಹೋಗುತ್ತಾರೆ.

ಕಾರು, ಬೈಕಿಗಾದರೆ ಮೋಟಾರು ವಾಹನ ಕಾಯ್ದೆಯ 127ನೇ ಸೆಕ್ಷನ್ ಇದೆ. ಸಾರ್ವಜನಿಕ ಜಾಗದಲ್ಲಿ 10 ಗಂಟೆ ಬಿಟ್ಟುಹೋದರೆ ಪೊಲೀಸರು ಎಳೆಸಬಹುದು. ನಂಬರ್ ಪ್ಲೇಟ್ ಇದೆ, ಮಾಲೀಕರು ಸಿಗುತ್ತಾರೆ. ಸೈಕಲ್‌ಗೆ ಮೋಟಾರೂ ಇಲ್ಲ, ನಂಬರೂ ಇಲ್ಲ. ಪೊಲೀಸರು ವಶಕ್ಕೆ ತೆಗೆದುಕೊಂಡರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೇ ಸಿಆರ್‌ಪಿಸಿಯ ಜಾಗಕ್ಕೆ ಬಂದ ಕಾನೂನು) 503ನೇ ಸೆಕ್ಷನ್ ಪ್ರಕಾರ ವಿಷಯ ಮ್ಯಾಜಿಸ್ಟ್ರೇಟರ ಮುಂದೆ ಹೋಗಬೇಕು. ಮಾಲೀಕರು ಯಾರೆಂದು ಗೊತ್ತಿಲ್ಲದಿದ್ದರೆ ಪ್ರಕಟಣೆ, ಆಮೇಲೆ 6 ತಿಂಗಳ ಗಡುವು. ಪಂಚರಾದ ಸೈಕಲ್ಲಿಗೆ ಇಷ್ಟೆಲ್ಲ ಯಾರು ಮಾಡ್ತಾರೆ, ನೀವೇ ಹೇಳಿ. ತಾತನ ಕಾಲದಲ್ಲಿ ಸೈಕಲ್ಲಿಗೆ ಲೈಸೆನ್ಸ್ ಅಂತ ಮುನಿಸಿಪಾಲಿಟಿ ಬಿಲ್ಲೆ ಇತ್ತು, ಬಿಲ್ಲೆ ಇಲ್ಲದ ಸೈಕಲ್ಲಿಗೆ ದಂಡ. ದಯವಿಟ್ಟು ಅದನ್ನು ಮಾತ್ರ ಮತ್ತೆ ತರಬೇಡಿ.

ಜಪಾನಿನಲ್ಲಿ ರೈಲು ನಿಲ್ದಾಣಗಳ ಮುಂದೆ ಸೈಕಲ್ ರಾಶಿ ಬಿದ್ದಾಗ 1980ರಲ್ಲಿ ಇದಕ್ಕೇ ಅಂತ ಕಾಯ್ದೆ ಮಾಡಿದರು. ಅಲ್ಲಿನ ಊರುಗಳಲ್ಲಿ ಮೊದಲು ಎಚ್ಚರಿಕೆ ಚೀಟಿ ಕಟ್ಟುತ್ತಾರೆ, ಆಮೇಲೆ ಎತ್ತಿಕೊಂಡು ಹೋಗಿ ಇಡುತ್ತಾರೆ. ಮಾಲೀಕರು ಶುಲ್ಕ ಕಟ್ಟಿ ಬಿಡಿಸಿಕೊಳ್ಳಬಹುದು. ಪ್ರಕಟಣೆಯಾಗಿ 6 ತಿಂಗಳಾದರೂ ಯಾರೂ ಬರದಿದ್ದರೆ ಸೈಕಲ್ ಊರಿನದ್ದು. ಡಚ್ಚರು ಇಂಥವನ್ನು 'ಅನಾಥ ಸೈಕಲ್' ಅಂತಲೇ ಕರೆಯುತ್ತಾರೆ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಎತ್ತಿದ ಸೈಕಲ್‌ಗಳಿಗೇ ಒಂದು ಡಿಪೋ ಇದೆ.

ನಮಗೆ ಅಷ್ಟು ದೊಡ್ಡದೇನೂ ಬೇಡ. 2025ರ ಸೆಪ್ಟೆಂಬರಿನಿಂದ ಬೆಂಗಳೂರಿಗೆ ಐದು ಪಾಲಿಕೆ. ಐದಕ್ಕೂ ಒಂದೇ ನಿಯಮ ಮಾಡಿಸಿ, ಸಾಕು. ಚೀಟಿಯನ್ನು ಚಕ್ರಕ್ಕೂ ಸ್ಟ್ಯಾಂಡಿಗೂ ಸೇರಿಸಿ ಕಟ್ಟಲಿ. ಸೈಕಲ್ ತೆಗೆಯಬೇಕಾದರೆ ಅದನ್ನು ಕೀಳಲೇಬೇಕು, ಅಲ್ವಾ? ಕಿತ್ತಿದ್ದರೆ ಆ ಸೈಕಲ್ ಇನ್ನೂ ಜೀವಂತ. ಚೀಟಿಯಲ್ಲಿ ತಾರೀಕು, ಫೋನ್ ನಂಬರ್, ಓದೋಕೆ ಬಾರದವರಿಗೂ ತಿಳಿಯುವ ಒಂದು ಚಿತ್ರ ಇರಲಿ. ಗಡುವು 60 ದಿನ. ಜಾಸ್ತಿ ಆಯಿತು ಅನ್ನಿಸಬಹುದು. ಆದರೆ ದೂರದ ಊರಿನಿಂದ ದುಡಿಯೋಕೆ ಬಂದವರು ಒಮ್ಮೆ ಊರಿಗೆ ಹೋದರೆ ವಾರದಲ್ಲಿ ಬರುವುದಿಲ್ಲ. ಎತ್ತಿದ ಮೇಲೂ ಒಂದಷ್ಟು ದಿನ ವಾರ್ಡಿನ ಶೆಡ್ಡಿನಲ್ಲಿಟ್ಟು, ಫೋಟೋ ಹಾಕಿ. ಬಿಡಿಸಿಕೊಳ್ಳೋಕೆ ಬಂದವರಿಂದ ದಂಡ ಕೇಳಬೇಡಿ.

ಯಾರೂ ಬರದ ಸೈಕಲ್‌ಗಳನ್ನು ರಿಪೇರಿ ಮಾಡಿಸಿ ಸರ್ಕಾರಿ ಶಾಲೆಯ ಮಕ್ಕಳಿಗೆ ಕೊಡಬಹುದು. ನಮ್ಮ ಸ್ಟ್ಯಾಂಡಿನ ಆರರಲ್ಲಿ ಒಂದು, ಸರ್ಕಾರವೇ ಎಂಟನೇ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್. 2006-07ರಲ್ಲಿ ಶುರುವಾದ ಆ ಯೋಜನೆ ಕೋವಿಡ್ ಕಾಲದಲ್ಲಿ ನಿಂತಿತು. ಈ ಸೈಕಲ್ ಮಾತ್ರ ಇನ್ನೂ ನಿಂತೇ ಇದೆ. ಹೊಸ ಚೈನು, ಎರಡು ಟ್ಯೂಬು ಹಾಕಿದರೆ ಓಡುತ್ತೆ.

ಅಂದಹಾಗೆ, ವಾಚ್‌ಮನ್ ಅವರ ಸೈಕಲ್ ಹಸಿರು ಬಣ್ಣದ್ದು. ಹಿಂದಿನ ಕ್ಯಾರಿಯರಿಗೆ ಹಳೇ ಟ್ಯೂಬ್ ಸುತ್ತಿದ್ದರು. ಎಲ್ಲಾದರೂ ಶೆಡ್ಡಿನಲ್ಲಿ ಕಣ್ಣಿಗೆ ಬಿದ್ದರೆ ತಿಳಿಸಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಸೈಕಲ್ ಸವಾರ